ಬಾಟಲಿ ಮೂಸುವ ತೀರ್ಥಪ್ಪ

ಕಡೂರಿನ ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ತೀರ್ಥಪ್ಪನನ್ನು ದಾಟದೆ ಯಾರೂ ಡಾಕ್ಟರ ಮುಂದೆ ಬಾಯಿ ತೆರೆದದ್ದಿಲ್ಲ. ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳು ಬಂದರಂತೂ ಅವನಿಗೆ ಚೀಟಿಯೇ ಮರೆತುಹೋಗುತ್ತದೆ. “ಲೇ ಮಗಾ, ಈ ಅಂತ ಹಲ್ಲು ತೋರ್ಸು,” ಎಂದು ಕನ್ನಡಕ ಹಣೆಗೇರಿಸಿ, ತಂತಿಯ ಸಂದಿಯ ಚೂರು ನೋಡಿಯೇ ಬೆಳಗಿನ ತಿಂಡಿ ಹೇಳಿಬಿಡುತ್ತಾನೆ. “ಅವಲಕ್ಕಿ ತಾನೆ? ತಂತಿ ಮೇಲೊಂದ್ಸಲ, ಕೆಳಗೊಂದ್ಸಲ ಉಜ್ಜಬೇಕು ಕಣೋ!” ಆಮೇಲೆ ಮಗುವಿನ ನೀರಿನ ಬಾಟಲಿ ಬಿಚ್ಚಿ ಮೂಸುತ್ತಾನೆ. ಸಿಹಿ ವಾಸನೆ ಬಂದರೆ ಕಿಟಕಿಯಾಚೆ ಚೆಲ್ಲಿ, “ಸಿಹಿ ಹಲ್ಲಿನ ಮೇಲ್ಪದರಾನ ತಿನ್ನುತ್ತೆ ಕಣೋ, ಆ ಎನಾಮಲ್ ಹೋದ್ರೆ ಮತ್ತೆ ಬರಲ್ಲ,” ಎಂದು ನೀರು ತುಂಬಿಕೊಡುತ್ತಾನೆ. ಹಲ್ಲು ಕೀಳಿಸಲು ಸಖರಾಯಪಟ್ಟಣದಿಂದ ಬಂದ ಅಜ್ಜಿಯ ಬಾಟಲಿಯನ್ನೂ ಬಿಟ್ಟವನಲ್ಲ. “ಏನಪ್ಪಾ, ನಾನೇನ್ ಹೆಂಡ ತಂದಿದ್ದೀನಾ?” ಎಂದು ಅಜ್ಜಿ ಕೇಳಿದಾಗ ಕೂತವರೆಲ್ಲ ನಕ್ಕರು. ತೀರ್ಥಪ್ಪ ನಗಲಿಲ್ಲ. ಅವನ ಮಗಳು ತನುಜಾಳಿಗೂ ಇಲ್ಲಿಯೇ ಎರಡು ವರ್ಷ ತಂತಿ ಹಾಕಿದ್ದರು. ಬಿಗಿ ಮಾಡಿದಾಗಲೆಲ್ಲ ಅವಳಿಗೆ ಅಗಿಯಲಾಗುತ್ತಿರಲಿಲ್ಲ. ಅಂಗಡಿಯ ಜ್ಯೂಸ್ ಬೇಡವೆಂದು ಡಾಕ್ಟರು ಹೇಳಿದ್ದರು. ಇದು ಮನೆಯದಲ್ಲವೇ ಎಂದು ತೀರ್ಥಪ್ಪ ದಿನವೂ ಅವಳ ಬಾಟಲಿಗೆ ಬೆಲ್ಲ, ನಿಂಬೆಯ ಪಾನಕ ತುಂಬಿದ. ಅವಳು ಸಂಜೆಯವರೆಗೆ ಗುಟುಕು ಗುಟುಕಾಗಿ ಕುಡಿದಳು. ತಂತಿ ಬಿಚ್ಚಿದ ದಿನ ಹಲ್ಲುಗಳೇನೋ ಸಾಲಾಗಿ ನಿಂತಿದ್ದವು, ಆದರೆ ಒಂದೊಂದರ ಮೇಲೂ ಸುಣ್ಣದಂಥ ಬಿಳಿ ಕಲೆ ಉಳಿದಿತ್ತು. ಈಗ ತರೀಕೆರೆಯಲ್ಲಿ ಕಾಲೇಜು ಓದುವ ತನುಜಾ ಗೆಳತಿಯರ ನಡುವೆ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾಳೆ. ಮನೆಯಲ್ಲಿ ಮಾತ್ರ, ಅಪ್ಪ ನೊಂದುಕೊಂಡಾನೆಂದು, ಕೈ ತೆಗೆದು ನಗುತ್ತಾಳೆ. ಆಗ ತೀರ್ಥಪ್ಪ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಾನೆ.