ತಾರಾ ಎಂದು ಕರೆದರೆ

‘ಕುರ್ರ್ರ್…’

ಮೊನ್ನೆ ಬೀದರಿನ ಒಂದು ಫಂಕ್ಷನ್ ಹಾಲ್‌ನಲ್ಲಿ ಆ ಸದ್ದು ಮತ್ತೆ ಕೇಳಿದೆ. ಮಗುವಿನ ಸೋದರತ್ತೆ ತೊಟ್ಟಿಲಿಗೆ ಬಾಗಿ, ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು. ಹೆಂಗಸರು ವಾಡಿಕೆಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಹಿಂದೆ ಬಲೂನುಗಳ ನಡುವೆ ಆ ಹೆಸರು ಮಿಂಚುತ್ತಿತ್ತು: ಸಿತಾರಾ.

‘ಗೂಗಲ್‌ನಾಗ ಸಿಕ್ತರಿ ಆಂಟಿ, ಯುನೀಕ್ ಅದ,’ ಎಂದಳು ತಾಯಿ. ನಾನು ಪೇಡಾ ಕೈಯಲ್ಲಿ ಹಿಡಿದುಕೊಂಡೇ ಕೂತೆ…

ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅತ್ತೆ ಇದ್ದರು. ಬಂಧುವಲ್ಲ, ಕರೆದು ಕರೆದು ಅತ್ತೆಯಾದವರು. ಅವರ ಒಬ್ಬಳೇ ಮಗಳು ತಾರಾ, ಇನ್ನೂ ಸಾಲೆಗೆ ಹೋಗದ ಕೂಸು, ಜ್ವರದಲ್ಲಿ ತೀರಿಹೋಗಿದ್ದಳು. ಆಮೇಲೆ ಓಣಿಯಲ್ಲಿ ಯಾರಿಗೆ ಹೆಣ್ಣು ಹುಟ್ಟಿದರೂ ಅತ್ತೆ ಹೋಗಿ, ‘ತಾರಾ ಅಂತ ಇಡ್ರಿ,’ ಎಂದು ಕೇಳುವರು. ಸತ್ತ ಕೂಸಿನ ಹೆಸರನ್ನು ಯಾರು ಇಡುತ್ತಾರೆ? ಎಲ್ಲರೂ ಚಹಾ ಕೊಟ್ಟು ಕಳಿಸುತ್ತಿದ್ದರು.

ಕಾನ್ವೆಂಟ್‌ನಿಂದ ರಜೆಗೆ ಬಂದ ನಾನು ಒಮ್ಮೆ ಅವರ ಕಟ್ಟೆಯ ಮೇಲೆ ಕೂತು ದೊಡ್ಡ ಸ್ಕಾಲರ್ ಹಾಗೆ ಹೇಳಿದ್ದೆ: ನಮ್ಮ ತಾರಾ, ಫಾರ್ಸಿಯ ಸಿತಾರಾ, ಲ್ಯಾಟಿನ್ನಿನ ಸ್ಟೆಲ್ಲಾ ಎಲ್ಲ ಒಂದೇ ಫ್ಯಾಮಿಲಿ, ಬೈಬಲಿನ ಎಸ್ತರ್ ಕೂಡ ಅದೇ ನಕ್ಷತ್ರ ಅಂತಾರೆ ನಮ್ಮ ಸಿಸ್ಟರ್.

‘ಅಷ್ಟು ದೂರ ಹೋಗ್ಯಾಳೇನವ್ವ ನನ್ನ ಮಗಳು?’ ಎಂದು ಅತ್ತೆ ಎದ್ದೇಬಿಟ್ಟರು. ಆಗಲೇ, ಹೆಣ್ಣು ಹುಟ್ಟಿದ್ದ ಎದುರುಮನೆಗೆ ಹೋಗಿ ‘ಸಿತಾರಾ’ ಅಂತ ಕೇಳಿದರು.

‘ಸೀರಿ ಬದಲ್ ಮಾಡಿದ್ರ ಹುಡುಗಿ ಬ್ಯಾರಿ ಆಗ್ತಾಳೇನ್ರಿ?’ ಎಂದಳು ಬಾಣಂತಿ. ಚಹಾ ಕೂಡ ಕೊಡಲಿಲ್ಲ.

ಮುಂದೆ ನನ್ನ ಅಣ್ಣನಿಗೆ ಮಗಳಾದಳು. ಮನೆಯವರು ಆರಿಸಿದ ಹೆಸರು ಸುನಂದಾ. ಕಿವಿಯಲ್ಲಿ ಹೇಳುವ ಹಕ್ಕು ಸೋದರತ್ತೆಯಾದ ನನ್ನದು. ನಾನು ಸರಿದು ಪಕ್ಕದ ಮನೆಯ ಅತ್ತೆಯನ್ನು ಮುಂದೆ ಬಿಟ್ಟೆ. ಅತ್ತಿಗೆಯ ಮುಖ ಗಂಟಾಯಿತು. ಅತ್ತೆ ಬಾಗಿದರು. ಕುರ್ರ್ರ್… ಬೆನ್ನಿಗೆ ಗುದ್ದು ಬಿದ್ದರೂ ಬೇಗ ಏಳಲಿಲ್ಲ.

‘ತಾರಾ ಅಂತನ ಕಿವ್ಯಾಗ ಹಾಕೀನಿ ನೋಡವ್ವ,’ ಎಂದರು ಆಮೇಲೆ, ನನ್ನೊಬ್ಬಳಿಗೇ. ‘ದೊಡ್ಡಾಕಿ ಆದಮ್ಯಾಲ ಒಂದಿನ ಕರೀತೇನಿ. ತಿರುಗ್ತಾಳ.’

ಕೊನೆಯ ಸಲ ಅವರನ್ನು ನೋಡಿದ್ದು ಭಾಲ್ಕಿಯ ಅವರ ಮನೆಯಲ್ಲೇ. ಕಾಲೇಜು ಸೇರಿದ್ದ ಸುನಂದಾಳನ್ನು ಕರೆದೊಯ್ದಿದ್ದೆ. ಹೊರಸಿನ ಮೇಲೆ ಮಲಗಿದ್ದ ಅತ್ತೆಗೆ ಮಾತು ಕಷ್ಟವಾಗಿತ್ತು. ಸುನಂದಾ ನಮಗೆ ಬೆನ್ನು ಮಾಡಿ ಕಿಟಕಿಯಲ್ಲಿ ನಿಂತಿದ್ದಳು.

‘ತಾರಾ,’ ಎಂದರು ಅತ್ತೆ.

ಅವಳು ಹೊರಗೇ ನೋಡುತ್ತಿದ್ದಳು.

‘ತಾರಾ…’

ಕೊನೆಗೆ ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು, ‘ಅಜ್ಜಿ ಯಾರಿಗಿ ಕರೀಲಕತ್ತಾರ?’

ಅತ್ತೆ ಅದನ್ನು ಕೇಳಿಸಿಕೊಂಡರು. ಗೋಡೆಯ ಕಡೆ ಹೊರಳಿ ಮಲಗಿದರು.