ಬೂಬ ಬಾರಿಸದೆ ಕೊಟ್ಟ ಡೋಲು

ಇನ್ನಂಜೆಯ ಬೂಬನಿಗೆ ಅರವತ್ತೆಂಟು ವರ್ಷ. ಕಾಪುವಿನಿಂದ ಕಾರ್ಕಳದವರೆಗೆ ಯಾವ ಭೂತಕೋಲದಲ್ಲಿ ಡೋಲು ಕೇಳಿದರೂ ಅದಕ್ಕೆ ಚರ್ಮ ಬಿಗಿದದ್ದು ತಾನೋ ಬೇರೆಯವನೋ ಎಂದು ರಸ್ತೆಯಲ್ಲೇ ನಿಂತು ಹೇಳಬಲ್ಲ. ಹೊಸ ಚರ್ಮದ ಮೊದಲ ನಾಲ್ಕು ಪೆಟ್ಟು, ಕೆಲಸ ಕಲಿಸಿ ತೀರಿಹೋದ ಅಪ್ಪನ ಹೆಸರಿಗೆ. ಈ ಕ್ರಮವನ್ನು ಅವನು ಒಮ್ಮೆಯೂ ತಪ್ಪಿಸಿದವನಲ್ಲ. ಅಪ್ಪನ ಎಡಗೈಗೆ ಎರಡು ಬೆರಳಿರಲಿಲ್ಲ. ಆತನ ನಾಲ್ಕು ಪೆಟ್ಟಿನಲ್ಲಿ ಕೊನೆಯದು ಕುಂಟಿಕೊಂಡು ತಡವಾಗಿ ಬರುತ್ತಿತ್ತು. ಬೂಬನೂ ಹಾಗೆಯೇ ಬಾರಿಸುತ್ತಿದ್ದ.

ಮಣಿಪಾಲದಲ್ಲಿ ಓದುತ್ತ ಇಲ್ಲಿಯ ಮಾತು ಕಲಿತಿದ್ದ ಘಾನಾದ ಹುಡುಗ ಡೀನ್, ಚರ್ಮ ಹರಿದ ಡೋಲೊಂದನ್ನು ಅಪ್ಪಿಕೊಂಡು ಬಂದ. ಅವನ ಅಜ್ಜ ಮರದಲ್ಲಿ ಕಡೆದು ಮಾಡಿದ್ದು. ಅಜ್ಜ ತೀರಿಕೊಂಡ ನಲವತ್ತನೆಯ ದಿನ ಭಾನುವಾರ ಬೀಳುತ್ತಿತ್ತು. ಊರಿಗೆ ಹೋಗುವಂತಿಲ್ಲ; ಎರ್ಮಾಳಿನ ಕಡಲ ಬದಿಯಲ್ಲಾದರೂ, ಅವರ ಕಡೆಯ ಕ್ರಮದಂತೆ, ಅಜ್ಜನ ಹೆಸರನ್ನು ಡೋಲಿನ ಪೆಟ್ಟಿನಲ್ಲೇ ನುಡಿಸಿ ಕರೆಯಬೇಕು.

"ಮರ ಕಡಿಯುವ ಮೊದಲು ಅಜ್ಜ ಬುಡಕ್ಕೆ ಮೊಟ್ಟೆ ಒಡೆದು, ಕಳ್ಳು ಸುರಿದು ಕ್ಷಮೆ ಕೇಳಿದ್ದರು, ಬೂಬಣ್ಣ. ಮರದಲ್ಲಿ ಒಬ್ಬರು ಇರ್ತಾರಂತೆ."

"ಇಲ್ಲಿಯೂ ಹಾಗೆಯೇ ಉಂಟು ಮಾರಾಯ. ಕಳ್ಳು ಮಾತ್ರ ನಮ್ಮದೇ ಒಳ್ಳೆಯದಿರಬೇಕು."

ಬುಧವಾರ ಬೂಬ ಆಡಿನ ಚರ್ಮ ಬಿಗಿದ. ಗುರುವಾರ ಮಧ್ಯಾಹ್ನ ಅದು ಒಣಗಿದಾಗ ಎಂದಿನಂತೆ ಅಪ್ಪನ ನಾಲ್ಕು ಪೆಟ್ಟು ಹಾಕಿ, ಡೋಲನ್ನು ಚಾಪೆಯ ಮೇಲಿಟ್ಟು ಕೈ ತೊಳೆಯಲು ಹೋದ.

ಹಿಂದಿನಿಂದ ಡೋಲು ನುಡಿಯಿತು. ಅಂಗಳದಲ್ಲಿ ಯಾರೂ ಇರಲಿಲ್ಲ. ಮೂರು ಪೆಟ್ಟು, ತಡೆದು, ಇನ್ನೊಂದು.

ಅಕ್ಕಿ ಗೇರುತ್ತಿದ್ದ ಹೆಂಡತಿ ಅಕ್ಕುವಿನ ಕೈ ನಿಂತಿತು. "ಮಾವ ಬಂದ ಹಾಗೆ ಕೇಳಿತಲ್ಲ?"

"ಬಿಸಿಲಿಗೆ ಚರ್ಮ ಎಳೆದದ್ದು," ಎಂದ ಬೂಬ. ಆದರೆ ಸಂಜೆಯವರೆಗೂ ಊಟ ಬಿಟ್ಟು ಡೋಲಿನ ಪಕ್ಕದಲ್ಲೇ ಕುಳಿತ. ಮೂವತ್ತು ವರ್ಷಗಳಿಂದ ಆ ಕುಂಟು ಪೆಟ್ಟನ್ನು ತನ್ನದಲ್ಲದ ಕೈಯಿಂದ ಅವನು ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಡೀನ್ ಬಂದು ಅಜ್ಜನ ಹೆಸರು ನುಡಿಸಿದ. ಅವನ ಕೈಗಳು ಒಂದು ಬಾರಿಸಿದರೆ ಡೋಲು ಇನ್ನೊಂದು ಹೇಳಿತು: ಅದೇ ಕುಂಟು ನಾಲ್ಕು ಪೆಟ್ಟು. ಅವನು ಕೈ ಹಿಂದಕ್ಕೆಳೆದ.

"ಇದರಲ್ಲಿ ಮೊದಲು ಯಾರನ್ನು ಕರೆದಿರಿ?"

"ನನ್ನ ಅಪ್ಪನನ್ನು."

"ಹೊಸ ಚರ್ಮ ಮೊದಲು ಕೇಳಿದ ಹೆಸರಿಗೇ ಬಾಗಿಲು ತೆರೆಯುತ್ತದೆ ಅಂತ ಅಜ್ಜ ಹೇಳ್ತಿದ್ದರು. ಇನ್ನು ಎಂತ ಮಾಡುವುದು? ಕೇಳಿದರೆ ನಿಮ್ಮ ಅಪ್ಪ ಬಿಟ್ಟು ಹೋಗ್ತಾರಾ?"

"ಬದುಕಿದ್ದಾಗಲೂ ಕುಳಿತಲ್ಲಿಂದ ಬೇಗ ಎದ್ದವರಲ್ಲ ಅವರು," ಎಂದಳು ಅಕ್ಕು, ಮೆಲ್ಲಗೆ.

ಚರ್ಮ ಉಳಿದರೆ ಅಪ್ಪ ಉಳಿಯುತ್ತಾನೆ. ಹುಡುಗನ ಅಜ್ಜ ಹೊರಗೇ ನಿಲ್ಲುತ್ತಾನೆ. ಬೂಬ ಕತ್ತಿ ತಂದು, ಎಡಗೈಯನ್ನು ಚರ್ಮದ ಮೇಲಿಟ್ಟ. ನೆರಳಿನಲ್ಲಿದ್ದರೂ ಅದು ಬೆಚ್ಚಗಿತ್ತು. ಅಂಗೈಯ ಅಡಿಯಲ್ಲಿ, ಒಳಗಿನಿಂದ, ಒಮ್ಮೆ ತಟ್ಟಿತು.

"ಅಪ್ಪ, ಇದು ಬೇರೆಯವರ ಮನೆ," ಎಂದು ಹೇಳಿ ಕೊಯ್ದ.

ಅಂದೇ ಬೇರೆ ಚರ್ಮ ಬಿಗಿದ. ಒಣಗಿದ ಮೇಲೆ ಬೆರಳೂ ಸೋಕಿಸದೆ ಡೀನ್‌ನ ಕೈಗೆ ಕೊಟ್ಟ. ಬಾರಿಸಿ ನೋಡದ ಡೋಲನ್ನು ಅವನು ಕೊಟ್ಟದ್ದು ಅದೇ ಮೊದಲು.

ಭಾನುವಾರ ಇಳಿಹೊತ್ತಿಗೆ ಎರ್ಮಾಳಿನ ಕಡಲ ಬದಿಯಲ್ಲಿ, ಬೂಬನೂ ಜೊತೆಗಿರಲು, ಡೀನ್ ಅಜ್ಜನ ಹೆಸರು ನುಡಿಸಿ ಕೈ ಎತ್ತಿದ. ಡೋಲು ನಿಲ್ಲಲಿಲ್ಲ. ತಗ್ಗಿದ ದನಿಯಲ್ಲಿ ಎಂತದೋ ಹೇಳುತ್ತ ಹೋಯಿತು. ಡೀನ್ ತಲೆ ಬಗ್ಗಿಸಿ, ಹಿರಿಯರ ಮುಂದೆ ನಿಂತವನಂತೆ ಕೇಳಿಸಿಕೊಳ್ಳುತ್ತ, ನಡುನಡುವೆ ತನ್ನ ಭಾಷೆಯಲ್ಲಿ ಹೂಂಗುಟ್ಟುತ್ತಿದ್ದ.

ಅದು ತಾನು ಕೇಳಬೇಕಾದ ಮಾತಲ್ಲವೆಂದು ಬೂಬ ಮರಳು ದಾಟಿ ರಸ್ತೆಯ ಕಡೆ ನಡೆದ.