ಅಪ್ಪ ಬೇಟೆ ಕಲಿತ ಚಳಿಗಾಲ

ನನಗೆ ಹನ್ನೆರಡು ತುಂಬಿದ ವರ್ಷದ ಚಳಿಗಾಲವದು. ಆಗ ನಾವು ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆಯಲ್ಲಿದ್ದೆವು. ಮಲಗುವ ಕೋಣೆಗಳ ಗೋಡೆಗೆಲ್ಲ ಬೂಷ್ಟು, ಬೆಚ್ಚಗಿರುತ್ತಿದ್ದುದು ಅಡುಗೆಮನೆಯೊಂದೇ. ಗದಗ ಕಡೆಯಿಂದ ಈ ದೂರದ ದೇಶಕ್ಕೆ ಬಂದ ನದಾಫರ ಕುಟುಂಬ ನಮ್ಮದು, ಮನೆಮಾತು ಕನ್ನಡ. ಅಪ್ಪ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. ಜೊತೆಗೆ ಕೆಲಸ ಮಾಡುತ್ತಿದ್ದ ಗ್ಯಾರಿ ಅಂಕಲ್ ಕಾಡುಮೇಕೆ ಬೇಟೆಯ ಕತೆ ಹೇಳಿ ಹೇಳಿ ಅಪ್ಪನಿಗೆ ಹುಚ್ಚು ಹಿಡಿಸಿದ್ದ. ಬಿಸ್ಮಿಲ್ಲಾ ಅಂದು ತಾನೇ ಹೊಡೆದ ಮೇಕೆಯ ಮಾಂಸ ಮನೆಗೆ ತರಬೇಕೆಂದು ಅಪ್ಪ ಹಟ ಹಿಡಿದ.

ಬಂದೂಕಿನ ಲೈಸೆನ್ಸ್ ಪರೀಕ್ಷೆಗೆ ಅವನನ್ನು ಓದಿಸಿದವಳು ನಾನು. ಅವ್ವ ರೊಟ್ಟಿ ಬಡಿಯುವ ಸದ್ದಿನ ನಡುವೆ ನಾನು ಪುಸ್ತಕ ಹಿಡಿದು ಕೇಳುತ್ತಿದ್ದೆ, ಅಪ್ಪ ತಡವರಿಸುತ್ತ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ. ಪ್ರತಿ ಬಂದೂಕನ್ನೂ ಗುಂಡು ತುಂಬಿದೆಯೆಂದೇ ತಿಳಿಯಬೇಕು. ಗುರಿ ಏನೆಂಬುದರಲ್ಲಿ ಚೂರೂ ಅನುಮಾನ ಉಳಿಯಬಾರದು. ರೊಟ್ಟಿ ಹಂಚಿನ ಮೇಲೆ ಉಬ್ಬುವಷ್ಟರಲ್ಲಿ ಮತ್ತೊಂದು ಪ್ರಶ್ನೆ. ಲೈಸೆನ್ಸ್ ವಿಚಾರಣೆಗೆ ಮನೆಗೆ ಬಂದ ಪೊಲೀಸರು ಅವ್ವನನ್ನೂ ಮಾತಾಡಿಸಿ ಹೋದರು. ಅವರು ಹೋದಮೇಲೆ ಅವ್ವ ಖಡಾಖಂಡಿತ ಹೇಳಿದಳು: "ಗನ್ನು ಕಬ್ಬಿಣದ ಪೆಟ್ಟಿಗ್ಯಾಗ, ಗುಂಡು ಬ್ಯಾರೆ ಕಡೆ, ಕೀಲಿ ನಿಮ್ಮ ಹತ್ರ. ಹಂಗಿದ್ರ ಇರ್ಲಿ, ಇಲ್ಲಂದ್ರ ಬ್ಯಾಡ."

ಇಲ್ಲಿ ಜುಲೈ ಅಂದರೆ ಚಳಿಗಾಲ; ಆ ರಜೆಯಲ್ಲಿ ಮೊದಲ ಬೇಟೆ. ಆಲ್ಬನಿ ದಾಟಿ ಉತ್ತರಕ್ಕೆ, ಗ್ಯಾರಿಯ ಪರಿಚಯದವರ ಫಾರ್ಮು. ಹಿಂಬದಿ ತೆರೆದ ಗ್ಯಾರಿಯ ಯೂಟ್ ಗಾಡಿ ಮುಂದೆ, ನಮ್ಮ ಹಳೇ ಕಾರು ಹಿಂದೆ. ಗುಡ್ಡದ ಬುಡದಲ್ಲಿ ತಂತಿ ಬೇಲಿ ಎದುರಾಯಿತು. ಅಪ್ಪ ತನ್ನ ರೈಫಲ್ ಖಾಲಿಯಿದೆಯೆಂದು ಮತ್ತೊಮ್ಮೆ ತೆರೆದು ನೋಡಿ, ಬೇಲಿಯ ಕೆಳಗಿಂದ ಆಚೆ ಸರಿಸಿ, ಆಮೇಲೆ ಹತ್ತಿದ. ಗ್ಯಾರಿ ಮಾತ್ರ ಗುಂಡು ತುಂಬಿದ ರೈಫಲ್ ಹಿಡಿದೇ ಹತ್ತಿದ. ಕಾಲು ಜಾರಿತು. ನಳಿಗೆ ಒಂದು ಕ್ಷಣ ನನ್ನ ಕಡೆ ತಿರುಗಿ, ಮತ್ತೆ ಆಕಾಶ ನೋಡಿತು.

"ಗ್ಯಾರಿ, ಅನ್‌ಲೋಡ್ ಇಟ್," ಅಂದ ಅಪ್ಪ.

ಗ್ಯಾರಿ ನಕ್ಕ. ಸೇಫ್ಟಿ ಲಾಕ್ ಹಾಕಿದೆ, ಚಿಕ್ಕಂದಿನಿಂದ ಹೀಗೇ ದಾಟಿದ್ದೇನೆ ಅಂದ. ಅಪ್ಪ ಇನ್ನೊಮ್ಮೆ ಹೇಳಿದ. ಗ್ಯಾರಿ ಕೇಳಿಸಿಕೊಳ್ಳದವನಂತೆ ಮುಂದೆ ನಡೆದ.

"ನಡಿ, ಶಮಾ. ಮನೀಗ್ ಹೋಗೂಣು."

ನನಗೆ ಸಿಟ್ಟಿನಿಂದ ಅಳು ಬಂತು. "ಬರೇ ಒಂದು ಬೇಲಿ, ಅಪ್ಪಾ!"

"ಆ ನಳಿಗಿ ನಿನ್ ಕಡೆ ತಿರುಗಿತ್ತು. ನಾ ಕಣ್ಣಾರೆ ನೋಡೀನಿ."

ಗ್ಯಾರೇಜಿನಲ್ಲಿ ಗ್ಯಾರಿ ಅಪ್ಪನ ಜೊತೆ ಮಾತು ಬಿಟ್ಟ. ಅಪ್ಪನಿಗೆ ಅಲ್ಲಿದ್ದ ಗೆಳೆಯ ಅವನೊಬ್ಬನೇ. ಆದರೂ ಅಪ್ಪ ಬೇಟೆಯ ಆಸೆ ಬಿಡಲಿಲ್ಲ. ಶನಿವಾರ ಬಂತೆಂದರೆ ನಾವಿಬ್ಬರೂ ಅನುಮತಿ ಕೇಳಲು ಫಾರ್ಮಿಂದ ಫಾರ್ಮಿಗೆ ಹೋಗುತ್ತಿದ್ದೆವು. ಮಾತು ನನ್ನದು. ಬಂದೂಕು ಮನೆಯಲ್ಲೇ. ಒಬ್ಬ ಕುರಿ ಈಯುವ ಕಾಲವೆಂದ, ಒಬ್ಬ ಬೇರೆಯವರಿಗೆ ಮಾತು ಕೊಟ್ಟಿದ್ದೇನೆಂದ, ಮತ್ತೊಬ್ಬ ಕಾರಣವನ್ನೇ ಹೇಳಲಿಲ್ಲ. ನಾಲ್ಕನೆಯದು ಜೋನ್ ಎಂಬ ಮುದುಕಿಯ ಫಾರ್ಮು. ಆಕೆ ನನ್ನನ್ನು ಬಿಟ್ಟು ಅಪ್ಪನನ್ನೇ ಕೇಳಿದಳು, ಹಿಂದೆ ಯಾರ ಜೊತೆ ಹೋಗಿದ್ದೆ, ಈಗ ಯಾಕೆ ಅವರ ಜೊತೆ ಹೋಗುವುದಿಲ್ಲ ಎಂದು. ಅಪ್ಪ ತನ್ನ ಹರಕುಮುರುಕು ಇಂಗ್ಲಿಷಿನಲ್ಲೇ ಬೇಲಿಯ ಕತೆಯನ್ನೆಲ್ಲ ಹೇಳಿದ. ಜೋನ್ ಆಂಟಿ ಗೇಟು ತೆರೆದಳು. ತನ್ನ ಗಡಿ ಎಲ್ಲಿಯವರೆಗೆ, ಪಕ್ಕದವರ ಮನೆ ಎಲ್ಲಿದೆ, ಕುರಿ ಎಲ್ಲಿ ಮೇಯುತ್ತವೆ, ಎಲ್ಲವನ್ನೂ ನಡೆದೇ ತೋರಿಸಿದಳು.

ಮುಂದಿನ ಶನಿವಾರ ಕೆಸರಿನಲ್ಲಿ ಬೋರಲು ಮಲಗಿದ್ದೆವು. ಗುಡ್ಡದ ನೆತ್ತಿಯಲ್ಲಿ ದೊಡ್ಡದೊಂದು ಹೋತ ಬಂದು ನಿಂತಿತು.

"ಹೊಡಿ, ಅಪ್ಪಾ!"

"ಅದರ ಹಿಂದ ಬರೇ ಆಕಾಶ ಐತಿ. ಗುಂಡು ಎಲ್ಲಿ ಹೋಗಿ ಬೀಳತೈತಿ, ಹೇಳು?"

ಹೋತ ಆಚೆ ಇಳಿದು ಹೋಯಿತು. ಬೆರಳು ಮರಗಟ್ಟುವವರೆಗೂ ಕಾದೆವು. ಕೊನೆಗೆ ಕೆಳಗಿನ ಕಣಿವೆಗೆ ಒಂದು ಮೇಕೆ ಬಂತು. ಹಿಂದೆ ಮಣ್ಣಿನ ದಿಬ್ಬ, ಕೊಂಬಿನಿಂದ ಗೊರಸಿನವರೆಗೆ ಪೂರ್ತಿ ಕಾಣುತ್ತಿತ್ತು. ಅಪ್ಪ ಗುಂಡು ತುಂಬಿದ್ದು ಆಗ ಮಾತ್ರ. ಬಿಸ್ಮಿಲ್ಲಾ ಅಂದ. ಒಂದೇ ಗುಂಡು.

ಒಂದು ತೊಡೆ ಜೋನ್ ಆಂಟಿಗೆ ಕೊಟ್ಟು ಬಂದೆವು. ಅವ್ವ ಉಳಿದಿದ್ದಕ್ಕೆ ಒಣಕೊಬ್ಬರಿ, ಗಸಗಸಿ ಅರೆದು ಹಾಕಿ ಸಾರು ಮಾಡಿದಳು. ಮಾಂಸ ಗಟ್ಟಿಯಿತ್ತು, ಕಾಡಿನ ವಾಸನೆಯಿತ್ತು. ಅಪ್ಪ ಮೂರು ಸಲ ಬಡಿಸಿಕೊಂಡ.

ಈಗ ನನ್ನದೇ ಲೈಸೆನ್ಸ್ ಇದೆ. ಸರ್ಕಾರಿ ಕಾಡಿನ ಪರ್ಮಿಟ್ ಫೋನಿನಲ್ಲೇ ಬರುತ್ತದೆ. ನೀನು ಯಾರು, ಎಂಥವಳು ಎಂದು ಮುಖ ನೋಡಿ ಕೇಳುವವರಿಲ್ಲ. ಜೋನ್ ಆಂಟಿ ಹೋದಮೇಲೆ ಆ ಗುಡ್ಡದ ತುಂಬ ಮನೆಗಳೆದ್ದಿವೆ. ಅಪ್ಪ ತೀರಿಕೊಂಡು ಎರಡು ಚಳಿಗಾಲ ಕಳೆದವು. ಹುಲ್ಲಿನಲ್ಲಿ ಒಬ್ಬಳೇ ಮಲಗಿರುವಾಗ ಗುಂಡು ಹಾರಿಸುವ ಆತುರ ಈಗಲೂ ಬರುತ್ತದೆ. ತಡೆಯುವವರು ಪಕ್ಕದಲ್ಲಿಲ್ಲ. ನಾನೇ ತಡೆದುಕೊಳ್ಳಬೇಕು, ತಡೆದುಕೊಳ್ಳುತ್ತೇನೆ.